ಪಾರ್ಕಿಗೆ ಔಷಧಿ ಹೊಡೆದ ವರ್ಷ

ನಮ್ಮ ಮನೆಯಲ್ಲಿ ಔಷಧಿ ಎಂಬ ಮಾತಿಗೆ ಎರಡು ಅರ್ಥ. ಒಂದು, ನನ್ನ ಅತ್ತೆ ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುವ ಬಿ.ಪಿ. ಮಾತ್ರೆ. ಇನ್ನೊಂದು, ನನ್ನ ಗಂಡ ಮತ್ತು ಅವರ ಅಣ್ಣ ಸೇರಿ ಬನ್ನಿಮಂಟಪದ ಹತ್ತಿರ ನಡೆಸುವ ಅಂಗಡಿಯ ಸರಕು. ಗೊಬ್ಬರ, ಬಿತ್ತನೆ ಬೀಜದ ಜೊತೆಗೆ ಹುಳಕ್ಕೆ ಹೊಡೆಯುವುದು, ಕಳೆಗೆ ಹೊಡೆಯುವುದು ಎಲ್ಲವೂ ಅಲ್ಲಿ ಸಿಗುತ್ತದೆ. ಮದುವೆಯಾದ ಹೊಸದರಲ್ಲಿ ಅವರ ಅಂಗಿಗೆ ಅಂಟಿಕೊಂಡು ಬರುತ್ತಿದ್ದ ವಾಸನೆಗೆ ನನಗೆ ತಲೆನೋವು ಬರುತ್ತಿತ್ತು. ಆಮೇಲಾಮೇಲೆ ವಾಸನೆ ಇದೆ ಎಂಬುದೇ ಮರೆತುಹೋಯಿತು.

ನಾನು ಕಡಕೊಳದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ಬಸ್ಸು ಬೆಳಿಗ್ಗೆ ನಮ್ಮ ಪಾರ್ಕಿನ ಮೂಲೆಯಲ್ಲಿ ಹತ್ತಿಸಿಕೊಂಡು ಸಂಜೆ ಅಲ್ಲೇ ಇಳಿಸುತ್ತದೆ. ಪಾರ್ಕು ದೊಡ್ಡದೇನಲ್ಲ. ಅಶೋಕಪುರಂ ದಾಟಿದ ಮೇಲೆ ಸಿಗುವ ನಮ್ಮ ಬಡಾವಣೆಯ ನಡುವೆ, ನಮ್ಮ ಮನೆಯ ಎದುರಿಗೇ, ತಂತಿಬೇಲಿ ಹಾಕಿದ ಒಂದು ಚೌಕ ಅಷ್ಟೆ. ಒಂದು ಮಳೆಮರ, ಒಂದು ಹೊಂಗೆ, ಒಂದು ಪತ್ರೆ ಮರ, ಮಕ್ಕಳಿಗೊಂದು ಜಾರುಬಂಡೆ. ಅಲ್ಲಿದ್ದ ನಲ್ಲಿ ಸದಾ ಸೋರುತ್ತಿದ್ದುದರಿಂದ ಅದರ ಸುತ್ತ ಹೊನಗೊನ್ನೆ ಸೊಪ್ಪು ತಾನಾಗಿ ಹಬ್ಬಿಕೊಂಡಿತ್ತು. ಅತ್ತೆ ದಿನಾ ಲಿಂಗಪೂಜೆಗೆ ಪತ್ರೆ ಕಿತ್ತುಕೊಂಡು ಬರುವರು. ಮನಸ್ಸು ಬಂದ ದಿನ ಸೆರಗಿನ ತುಂಬ ಸೊಪ್ಪನ್ನೂ ತಂದು ಬಸ್ಸಾರು ಮಾಡುವರು. ದುಡ್ಡು ಕೊಟ್ಟು ತಂದ ಸೊಪ್ಪಿಗೆ ಆ ರುಚಿ ಇಲ್ಲವೆಂದು ಅವರ ವಾದ.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದು ಪಾರ್ಕಿನ ಹುಲ್ಲು ಮೊಣಕಾಲುದ್ದ ಬೆಳೆಯಿತು. ಜಾರುಬಂಡೆಯ ಕೆಳಗೆ ನಾಗರಹಾವು ಕಾಣಿಸಿಕೊಂಡಿತೆಂಬ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ನೋಡಿದವರು ನಮ್ಮ ಪಕ್ಕದ ಮನೆಯವರೇ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ಪಾರ್ಕಿಗೆ ನಲ್ಲಿ ಹಾಕಿಸಿದ್ದು, ದೀಪ ಹಾಕಿಸಿದ್ದು ಎಲ್ಲ ಅವರೇ ಓಡಾಡಿ. ಹಾವು ನೋಡಿದ ದಿನ ಅವರು ಪಾರ್ಕಿನ ನಿರ್ವಹಣೆಯ ಗುತ್ತಿಗೆದಾರನಿಗೆ ಫೋನಿನಲ್ಲಿ ಕೂಗಾಡಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತ್ತು.

ಆಮೇಲೆ ಕೆಲವು ದಿನ ಕಳೆದಿರಬೇಕು. ಸಂಜೆ ಬಸ್ಸಿಳಿದು ಬರುತ್ತಿದ್ದೆ. ಪಾರ್ಕಿನ ಆಚೆ ಬದಿಯ ಎದುರು ಮನೆಯ ಹುಡುಗಿ, ಆಗಷ್ಟೇ ಬಾಣಂತನ ಮುಗಿಸಿಕೊಂಡು ಬಂದವಳು, ಗೇಟಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಆಂಟಿ, ಇವತ್ತು ಪಾರ್ಕಿಗೆ ಔಷಧಿ ಹೊಡೆದ್ರು. ಬೆನ್ನಿಗೆ ಡಬ್ಬ ಕಟ್ಕೊಂಡು ಬಂದಿದ್ರು. ಬೆಳಿಗ್ಗೆ ನಿಮ್ಮ ಬಸ್ಸು ಹೋದ್ಮೇಲೆ, ನಾವು ಏಳೋಷ್ಟರಲ್ಲಿ ಆ ನಲ್ಲಿ ಕಡೆಯೆಲ್ಲ ಮುಗಿಸ್ಬುಟ್ಟಿದ್ರು. ವಾಸನೆಗೆ ಕಿಟಕಿ ಹಾಕ್ಕೊಂಡು ಕೂತಿದ್ದೀನಿ."

ನಲ್ಲಿ ಕಡೆ ಎಂದದ್ದು ಕಿವಿಗೆ ಬಿತ್ತು. ಮನೆಯೊಳಗೆ ಕಾಲಿಟ್ಟಾಗ ಮಧ್ಯಾಹ್ನದ ಒಗ್ಗರಣೆಯ ವಾಸನೆ ಇನ್ನೂ ಮೂಗಿಗೆ ಬಡಿಯಿತು. ಬಸ್ಸಾರು. ನನ್ನ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದಳು. ನಾನು ಚಪ್ಪಲಿ ಬಿಡದೆ ಓಡಿಹೋಗಿ ತಟ್ಟೆ ಕಿತ್ತುಕೊಂಡೆ.

"ಅಮ್ಮ! ಏನಾಯ್ತು?"

"ತಿಂದ್ಯಾ? ಒಂದು ತುತ್ತಾದ್ರೂ ತಿಂದ್ಯಾ?"

"ಇಲ್ಲ, ಈಗ ಹಾಕ್ಕೊಂಡೆ. ಯಾಕೆ?"

ಅತ್ತೆ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಂಜೆಹೊತ್ತು ಮಲಗುವವರಲ್ಲ ಅವರು. ಮುಟ್ಟಿದರೆ ಕೈ ತಣ್ಣಗಿತ್ತು.

"ಹೊಟ್ಟೆ ತೊಳೆಸ್ತದೆ ಕಣವ್ವ. ಉಂಡ್ಮೇಲೆ ಎಲ್ಡು ಸಲ ವಾಂತಿ ಆಯ್ತು. ಪಿತ್ತ ಇರಬೇಕು."

"ಸೊಪ್ಪು ಇವತ್ತು ತಂದಿದ್ದಾ ಅತ್ತೆ?"

"ಊಂ, ಬೆಳಗ್ಗೆ. ಎಲೆಯೆಲ್ಲ ಒದ್ದೆ ಒದ್ದೆ ಇತ್ತು. ನಲ್ಲಿ ನೀರು ಸಿಡಿದದೆ ಅಂದ್ಕಂಡೆ."

ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರ ತಲೆ ನನ್ನ ಭುಜದ ಮೇಲಿತ್ತು. "ತೊಳೆದಿದ್ದೆ ಕಣವ್ವ, ಚೆನ್ನಾಗಿ ತೊಳೆದಿದ್ದೆ" ಎಂದು ಏನೋ ತಪ್ಪು ಮಾಡಿದವರ ಹಾಗೆ ಹೇಳುತ್ತಲೇ ಇದ್ದರು. ಮಗಳು ಅಪ್ಪನಿಗೆ ಫೋನು ಮಾಡಿದಳು. ನಾವು ಹೋಗಿ ಸ್ವಲ್ಪ ಹೊತ್ತಿಗೆ ಅವರೂ ಅಂಗಡಿಯಿಂದ ಸ್ಕೂಟರಿನಲ್ಲಿ ಬಂದರು. ಅಷ್ಟರಲ್ಲಿ ಅತ್ತೆಯ ಕೈಗೆ ಡ್ರಿಪ್ಸ್ ಹಾಕಿ ಆಗಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ಹೊಡೆದಿರೋದು ಯಾವ ಔಷಧಿ ಅಂತ ಗೊತ್ತಾಗಬೇಕು. ಎಲ್ಲದಕ್ಕೂ ಒಂದೇ ಥರ ಟ್ರೀಟ್‌ಮೆಂಟ್ ಇರಲ್ಲ. ಯಾರನ್ನಾದ್ರೂ ಕೇಳಿ ತಿಳ್ಕೊಳ್ಳಿ, ಡಬ್ಬ ಸಿಕ್ಕಿದ್ರೆ ತನ್ನಿ" ಎಂದರು. ನಾನು ಕಾರ್ಯದರ್ಶಿಗಳ ನಂಬರಿಗಾಗಿ ಫೋನಿನಲ್ಲಿ ಹುಡುಕುತ್ತಿದ್ದೆ. ಅವರಿಂದ ಗುತ್ತಿಗೆದಾರ, ಗುತ್ತಿಗೆದಾರನಿಂದ ಕೆಲಸದವರು, ಅಷ್ಟರಲ್ಲಿ ಎಷ್ಟು ಹೊತ್ತಾಗುತ್ತದೋ.

ನನ್ನ ಗಂಡ ಡಾಕ್ಟರ ಹತ್ತಿರ ಹೋಗಿ ಒಂದು ಹೆಸರು ಹೇಳಿದರು. ಅದರಲ್ಲಿ ಏನಿರುತ್ತದೆ, ನೀರಿಗೆ ಹೇಗೆ ಬೆರೆಸುತ್ತಾರೆ ಎಂಬುದನ್ನೂ ಹೇಳಿದರು.

"ಗ್ಯಾರಂಟಿ ಅದೇನಾ? ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ ಮೇಡಂ. ನಾನೇ ಕೊಟ್ಟಿದ್ದು."

ಡಾಕ್ಟರು ಅವರ ಮುಖ ನೋಡಿದರು. ನಾನೂ ನೋಡಿದೆ. ಅವರು ಮಾತ್ರ ಮಲಗಿದ್ದ ತಾಯಿಯ ಕಾಲಿನ ಕಡೆ ನೋಡುತ್ತಿದ್ದರು.

ವೆರಾಂಡದ ಬೆಂಚಿನ ಮೇಲೆ ಕೂತಾಗ ಕೇಳಿದೆ, "ಪಾರ್ಕಿಗೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಗುತ್ತಿಗೆದಾರನೇ ಬಂದು ತಗೊಂಡು ಹೋದ. ಯಾವ ಪಾರ್ಕು ಅಂತ ಕೇಳಲಿಲ್ಲ."

ಮಗಳು ನಮ್ಮಿಬ್ಬರ ನಡುವೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದುಹೋಗಿ ಅಜ್ಜಿಯ ಮಂಚದ ಪಕ್ಕ ನಿಂತಳು.

ಅತ್ತೆ ಮಾರನೆಯ ದಿನ ಮನೆಗೆ ಬಂದರು. ತೊಳೆದು, ಬೇಯಿಸಿ, ಬಸಿದು ತಿಂದಿದ್ದರಿಂದ ಹೊಟ್ಟೆಗೆ ಹೋದದ್ದು ಕಡಿಮೆಯೇ ಇರಬೇಕು ಎಂದರು ಡಾಕ್ಟರು. ವಾಂತಿ ಅದರಿಂದಲೇ ಆಯಿತೆಂದು ಖಡಾಖಂಡಿತವಾಗಿ ಹೇಳಲಾರೆ, ಆಗಿಲ್ಲವೆಂದೂ ಹೇಳಲಾರೆ ಎಂದರು. ಈ ಮಾತು ಆಮೇಲೆ ನಮಗೆ ಬಹಳ ತೊಂದರೆ ಕೊಟ್ಟಿತು. ನಾವು ಬಾಯಿ ತೆಗೆದಾಗಲೆಲ್ಲ ಎದುರು ಪಕ್ಷದವರು ಅದನ್ನೇ ಮುಂದಿಡುತ್ತಿದ್ದರು.

ಮುಂದಿನ ಭಾನುವಾರ ಪಾರ್ಕಿನಲ್ಲೇ ಸಂಘದ ಸಭೆ ಕರೆದರು. ಅಷ್ಟುಹೊತ್ತಿಗೆ ಹುಲ್ಲು ಬೆಂದ ಹಾಗೆ ಹಳದಿಗೆ ತಿರುಗಿತ್ತು. ನಲ್ಲಿಯ ಸುತ್ತ ಸೊಪ್ಪು ಕಪ್ಪಾಗಿ ನೆಲಕ್ಕೆ ಅಂಟಿಕೊಂಡಿತ್ತು. ಕುರ್ಚಿಗಳನ್ನು ಸಿಮೆಂಟು ಹಾಕಿದ ಜಾಗದಲ್ಲಿ ಮಾತ್ರ ಇಟ್ಟಿದ್ದರು. ಯಾರೂ ಹುಲ್ಲಿನ ಮೇಲೆ ಕಾಲಿಡಲಿಲ್ಲ.

ಕಾರ್ಯದರ್ಶಿಗಳೇ ಮೊದಲು ಎದ್ದರು. "ನಾನೇ ಹೇಳಿ ಹೊಡೆಸಿದ್ದು. ಮುಚ್ಚಿಡೋದೇನಿದೆ? ಜಾರುಬಂಡೆ ಕೆಳಗೆ ಹಾವು ಸುತ್ಕೊಂಡು ಮಲಗಿತ್ತು, ಮೇಲೆ ನನ್ನ ಮೊಮ್ಮಗಳು ಜಾರ್ತಿದ್ಲು. ಆ ಮಗೂಗೆ ಏನಾದ್ರೂ ಆಗಿದ್ರೆ ಇವತ್ತು ಇಲ್ಲಿ ಯಾವ ಸಭೆ ನಡೀತಿತ್ತು, ಹೇಳಿ."

"ಹಾವಿಗೆ ಹೆದರಿ ವಿಷ ಹಾಕಿದ್ರೆ ಆ ವಿಷದ ಮೇಲೆ ಮಕ್ಕಳು ಆಡ್ತಾವಲ್ಲ ಸಾರ್?" ಎದುರು ಮನೆಯ ಹುಡುಗಿ ಕೂತಲ್ಲಿಂದಲೇ ಕೇಳಿದಳು. "ಒಂದು ಬೋರ್ಡಾದ್ರೂ ಹಾಕಬಾರದಾಗಿತ್ತಾ?"

"ಆಳು ಹಚ್ಚಿ ಕೀಳಿಸಿ ಅಂದ್ರೆ ಗುತ್ತಿಗೆದಾರ ಆಳು ಸಿಗಲ್ಲ ಅಂತಾನೆ. ನೀವು ಬಂದು ಕೀಳ್ತೀರೇನಮ್ಮ?"

"ಕೀಳ್ತೀವಿ" ಎಂದಳು. ಹಿಂದಿನಿಂದ ಯಾರೋ ನಕ್ಕರು. ಮಾತಿಗೆ ಮಾತು ಬೆಳೆಯಿತು. ಅರ್ಧ ಜನ ಕಾರ್ಯದರ್ಶಿಗಳ ಕಡೆ, ಅರ್ಧ ಜನ ನಮ್ಮ ಕಡೆ. ಯಾರೋ ಹೆಂಗಸು ಗಟ್ಟಿಯಾಗಿ, "ಅಲ್ಲ ಕಣ್ರೀ, ಇಂಥಾದ್ದನ್ನ ಮಾರಿದೋರಿಗಾದ್ರೂ ಬುದ್ಧಿ ಬೇಡ್ವಾ?" ಎಂದರು.

ಹಿಂದಿನ ದಿನವೇ ನಾವು ಮನೆಯಲ್ಲಿ ಈ ಮಾತು ಆಡಿದ್ದೆವು. ಅಂಗಡಿಯ ವಿಷಯ ತೆಗೆಯಬೇಕೋ ಬೇಡವೋ ಎಂದು ನಾನು ಕೇಳಿದ್ದೆ. "ಹೇಳೋದಾದ್ರೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ" ಎಂದಿದ್ದರು ನನ್ನ ಗಂಡ. ಹೇಳಲಿಕ್ಕಿಲ್ಲ ಎಂದುಕೊಂಡಿದ್ದೆ. ಈಗ ಅವರು ಎದ್ದು ನಿಂತರು.

"ಮಾರಿದ್ದು ನಮ್ಮ ಅಂಗಡಿ. ಗುತ್ತಿಗೆದಾರರು ನಮ್ಮ ಗಿರಾಕಿ. ನಮ್ಮಮ್ಮ ಆಸ್ಪತ್ರೆಗೆ ಹೋದ ದಿನಾನೇ ನನಗೂ ಬುದ್ಧಿ ಬಂದಿದ್ದು. ಇನ್ನು ಮೇಲೆ ಪಾರ್ಕಿಗೆ ಅಂತ ನಾನು ಕೊಡಲ್ಲ."

ಆಮೇಲೆ ಹಿಂದಿನ ಸಾಲಿನಿಂದ ಒಂದು ಗಂಡು ದನಿ, "ಅಂಗಾದ್ರೆ ತಾಯಿಗೆ ಮಗನೇ ವಿಷ ಇಕ್ಕಿದಂಗಾಯ್ತು" ಎಂದಿತು. ಅವರ ಕಿವಿಯ ತುದಿ ಕೆಂಪಾದದ್ದನ್ನು ನಾನು ನೋಡಿದೆ. ಅವರು ತಿರುಗಿ ನೋಡಲಿಲ್ಲ. ಅಂಗೈ ತೊಡೆಯ ಮೇಲೆ ಒತ್ತಿಕೊಂಡು ಕೂತರು. ಅತ್ತೆ ಮನೆಯ ಜಗಲಿಯಲ್ಲಿದ್ದರು. ಪುಣ್ಯಕ್ಕೆ ಅಲ್ಲಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲ ಅದು.

ಸುದ್ದಿ ಬನ್ನಿಮಂಟಪಕ್ಕೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಸಂಜೆಯೇ ನನ್ನ ಭಾವ ಬಂದರು. ನಡುಮನೆಯಲ್ಲಿ ನಿಂತೇ ತಮ್ಮನನ್ನು ತರಾಟೆಗೆ ತೆಗೆದುಕೊಂಡರು.

"ಊರ ಮುಂದೆ ಅಂಗಡಿ ಹೆಸರು ತೆಗೆದ್ಬುಟ್ಟು ಬಂದ್ಯಲ್ಲೋ. ಅಪ್ಪ ಮಾಡಿದ ಅಂಗಡಿ ಅದು. ನಾವು ಮಾರ್ದಿದ್ರೆ ಪಕ್ಕದ ಅಂಗಡಿಯೋನು ಮಾರ್ತಾನೆ. ಆಗ ಹುಲ್ಲು ಸಾಯಲ್ವಾ?"

"ಸಾಯ್ಲಿ. ನನ್ನ ಕೈಯಿಂದ ಬೇಡ ಅಂದೆ."

"ನಿನ್ನ ಕೈ ಬೇರೆ ನನ್ನ ಕೈ ಬೇರೆನಾ? ಹಂಗಿದ್ರೆ ಹೇಳ್ಬುಡು, ಅಂಗಡೀನೂ ಬೇರೆ ಮಾಡ್ಕೊಳ್ಳಾಣ."

ಅತ್ತೆ ಒಳಗಿನಿಂದ ಬಂದು ದೊಡ್ಡ ಮಗನಿಗೆ ಊಟಕ್ಕೆ ಕೂರಲು ಹೇಳಿದರು. ಅವರು ತಾಯಿಯ ಕಾಲಿಗೆ ನಮಸ್ಕಾರ ಮಾಡಿ, ಊಟ ಮಾಡದೆ ಹೊರಟುಹೋದರು. ನಮ್ಮ ಮನೆಯಿಂದ ಅವರು ಹಾಗೆ ಹೊರಟದ್ದು ನನಗೆ ನೆನಪಿರುವಂತೆ ಅದೇ ಮೊದಲು. ಆ ವಾರವಿಡೀ ಅಣ್ಣ ತಮ್ಮ ಒಂದೇ ಗಲ್ಲಾದ ಹಿಂದೆ ನಿಂತು ಒಬ್ಬರೊಡನೊಬ್ಬರು ಮಾತಾಡಲಿಲ್ಲವಂತೆ.

ನಮ್ಮ ಗಲಾಟೆಗೆ ಒಂದು ಫಲ ಸಿಕ್ಕಿತು. ಪಾಲಿಕೆಯ ಅಧಿಕಾರಿಯೊಬ್ಬರು ಬಂದು ನೋಡಿ, ಇನ್ನು ಔಷಧಿ ಹೊಡೆಯುವುದಿಲ್ಲ, ಆಳುಗಳಿಂದ ಕೀಳಿಸುತ್ತೇವೆ ಎಂದರು. ನಾವು ಹಿಗ್ಗುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು. ಪಾರ್ಕಿನ ಸುತ್ತ ಸಿಮೆಂಟಿನ ನಡಿಗೆ ದಾರಿ ಬರಲಿದೆ, ಮೂರು ಮರಗಳು ಅಡ್ಡ ಇವೆ, ಅವನ್ನು ತೆಗೆಯಬೇಕಾಗುತ್ತದೆ. ದಾರಿ ಕೇಳಿದ್ದೂ ಕಾರ್ಯದರ್ಶಿಗಳೇ. ಅವರ ಹೆಂಡತಿ ಹಿಂದಿನ ಮಳೆಗಾಲ ಅದೇ ಕೆಸರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಈಗಲೂ ವಾಕರ್ ಹಿಡಿದು ನಡೆಯುತ್ತಾರೆ. ಅದನ್ನು ನಾನು ಮರೆತಿರಲಿಲ್ಲ. ಆದರೆ ದಾರಿಯನ್ನು ಮರದ ಪಕ್ಕಕ್ಕೆ ತಿರುಗಿಸಬಹುದಲ್ಲ ಎಂದು ಕೇಳಿದರೆ, ಸಂಘದ ಅರ್ಧ ಜನಕ್ಕೆ ಅದು ಬರೀ ಹಟದ ಮಾತಾಗಿ ಕೇಳಿಸುತ್ತಿತ್ತು. ಮೂರು ಮರಗಳ ಮೇಲೂ ಕೆಂಪು ಬಣ್ಣದ ಗುರುತು ಬಿತ್ತು. ಕಾರ್ಯದರ್ಶಿಗಳ ಮನೆಗೂ ನಮ್ಮ ಮನೆಗೂ ನಡುವಿನ ಗಿಡ್ಡ ಗೋಡೆಯ ಮೇಲಿನ ಮಾತುಕತೆ ನಿಂತಿತು.

ಗುರುತು ಬಿದ್ದ ಮೇಲೆ ನನಗೆ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಮರಗಳನ್ನು ನೋಡುವ ಅಭ್ಯಾಸವಾಯಿತು. ಕಡಕೊಳದಲ್ಲಿ ಕೂತಿದ್ದಾಗ ಫೋನು ಗುಂಯ್‌ಗುಟ್ಟಿದರೆ ಕಡಿಯಲು ಬಂದರೇನೋ ಎಂದು ತಟ್ಟನೆ ಕೈಗೆತ್ತಿಕೊಳ್ಳುತ್ತಿದ್ದೆ.

ಮರ ಕಡಿಯುವವರು ಬಂದದ್ದು ನಾನು ಬಸ್ಸಿಗೆ ಕಾಯುತ್ತಿದ್ದಾಗಲೇ. ಮೊದಲು ಸದ್ದು ಕೇಳಿ ಯಾರದೋ ಬೈಕು ಕೆಟ್ಟಿದೆ ಎಂದುಕೊಂಡೆ. ಆಮೇಲೆ ಮಳೆಮರದ ಮೇಲಿನಿಂದ ಕಾಗೆಗಳೆಲ್ಲ ಒಟ್ಟಿಗೇ ಎದ್ದವು. ಮರದ ಮೇಲೆ ಇಬ್ಬರಿದ್ದರು, ಒಬ್ಬನ ಕೈಯಲ್ಲಿ ಮೋಟಾರು ಗರಗಸ. ಅಷ್ಟರಲ್ಲೇ ಒಂದು ದೊಡ್ಡ ಕೊಂಬೆ ನೆಲಕ್ಕೆ ಬಿತ್ತು. ಬಿದ್ದದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಬಸ್ಸು ಬಂದು ನಿಂತಿತು. "ಹೋಗಿ, ನಾನು ಬರಲ್ಲ" ಎಂದು ಕೂಗಿ ಪಾರ್ಕಿನೊಳಕ್ಕೆ ಓಡಿದೆ.

"ನಿಲ್ಸಿ! ಇಳೀರಿ ಕೆಳಗೆ!"

ಮನೆಮನೆಯಿಂದ ಹೆಂಗಸರು ಬಂದರು. ಎದುರು ಮನೆಯ ಹುಡುಗಿ ಮಗುವನ್ನು ಗಂಡನ ಕೈಗೆ ಕೊಟ್ಟು ಬಂದಳು. ಗುತ್ತಿಗೆದಾರನ ಮೇಸ್ತ್ರಿ ನಮಗೆ ಅಡ್ಡ ನಿಂತ. ಕೆಳಗೆ ಹಗ್ಗ ಹಿಡಿದಿದ್ದವರೂ ಹಗ್ಗವನ್ನು ಹೊಂಗೆಮರಕ್ಕೆ ಸುತ್ತಿ ಜಗಳ ನೋಡಲು ಇತ್ತ ಬಂದರು. ಈ ಗದ್ದಲದಲ್ಲಿ ಅತ್ತೆ ಯಾವಾಗ ಒಳಗೆ ಬಂದರೋ ಯಾರೂ ನೋಡಲಿಲ್ಲ. ಪೂಜೆ ಮುಗಿಸಿ ಹಾಗೇ ಎದ್ದು ಬಂದಿದ್ದರು, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು. ನೇರ ಹೋಗಿ ಮಳೆಮರದ ಬೇರಿನ ಮೇಲೆ ಕೂತುಬಿಟ್ಟರು.

ಮೇಲಿದ್ದವನು ಕಿರುಚಿದ. "ಅಮ್ಮಾ, ಎದ್ದೇಳಮ್ಮಾ! ಅರ್ಧ ಕುಯ್ದಾಗದೆ, ಕೊಂಬೆ ನಿಲ್ಲಲ್ಲ!"

ತಲೆ ಎತ್ತಿ ನೋಡಿದೆ. ಅತ್ತೆಯ ನೆತ್ತಿಗೆ ಸರಿಯಾಗಿ ಮೇಲೆ ಆಳುದ್ದದ ಕೊಂಬೆಯೊಂದು ಬುಡದಲ್ಲಿ ಬಿಳಿಯಾಗಿ ಬಾಯಿ ಬಿಟ್ಟಿತ್ತು. ಲಟಲಟ ಎಂಬ ಸಣ್ಣ ಸದ್ದು ಬರುತ್ತಿತ್ತು. ನಾನು ಓಡಿಹೋಗಿ ಅತ್ತೆಯ ತೋಳು ಹಿಡಿದು ಎಳೆದೆ. ಅವರು ಏಳಲಿಲ್ಲ. ಕೂಗಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ, ನಾನೂ ಮರ ಕಡಿಯುವವರ ಮಾತು ಕೇಳಿ ಎಬ್ಬಿಸಲು ಬಂದೆನೆಂದುಕೊಂಡು ಬೇರನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅತ್ತೆ, ಮೇಲೆ ನೋಡಿ, ಬೀಳ್ತದೆ!"

ನನ್ನ ಪಕ್ಕದಿಂದ ಎರಡು ಕೈ ಬಂದವು. ಕಾರ್ಯದರ್ಶಿಗಳು. ಬನಿಯನ್ನು, ಪಂಚೆಯಲ್ಲೇ ಓಡಿ ಬಂದಿದ್ದರು. ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಿಯೇ ಬಿಟ್ಟರು. ಮೂವರೂ ಜಾರುಬಂಡೆಯ ಹತ್ತಿರ ಹೋಗಿ ಬಿದ್ದೆವು. ಹಿಂದೆ ಹಗ್ಗ ಎಳೆದುಕೊಂಡು ಕೊಂಬೆ ಬಿದ್ದ ಸದ್ದಾಯಿತು. ಧೂಳು, ತರಗೆಲೆ ನಮ್ಮ ಮೇಲೆಲ್ಲ ಸುರಿಯಿತು. ಅತ್ತೆ ಸೆರಗು ಸರಿಮಾಡಿಕೊಂಡು, ಕೊರಳ ಲಿಂಗವನ್ನು ಮುಟ್ಟಿ ನೋಡಿಕೊಂಡರು.

ಕಾರ್ಯದರ್ಶಿಗಳು ಎದ್ದು ಹೋಗಿ ಮೇಸ್ತ್ರಿಯ ಎದೆಯ ಮೇಲಿನ ಅಂಗಿ ಹಿಡಿದರು. "ಕೆಳಗೆ ಜನ ಇರೋದು ಕಾಣ್ಸಲ್ವೇನಯ್ಯ? ಹಗ್ಗ ಬಿಟ್ಟು ಬರಕ್ಕೆ ಯಾರು ಹೇಳಿದ್ರು ನಿಮಗೆ? ಇಳಿಸು ಇಬ್ಬರನ್ನೂ!" ಅಲ್ಲಿಂದಲೇ ಅಧಿಕಾರಿಗೆ ಫೋನು ಹಚ್ಚಿದರು. ಕಡಿಯಲು ಒಪ್ಪಿಗೆ ಇನ್ನೂ ಬಂದಿಲ್ಲ, ಕೊಂಬೆ ಸವರಲು ಮಾತ್ರ ಹೇಳಿದ್ದು, ಗುತ್ತಿಗೆದಾರ ಅವಸರ ಮಾಡಿದ್ದಾನೆ ಎಂದು ಆಗ ಗೊತ್ತಾಯಿತು.

ಮೇಸ್ತ್ರಿ ಮೆತ್ತಗಾದ. ಅತ್ತೆಯ ಹಣೆಯ ವಿಭೂತಿ ನೋಡಿ ಕೈಮುಗಿದ. "ಪತ್ರೆ ಮರ ಬುಟ್ಬುಡ್ತೀವಿ ಅಮ್ಮ, ದೇವರ ಮರ ಅದು. ಬಾಕಿ ಎಲ್ಡಕ್ಕೆ ಮಾತ್ರ ಅಡ್ಡ ಬರಬ್ಯಾಡಿ."

ಅತ್ತೆ ಇನ್ನೂ ನೆಲದ ಮೇಲೆ ಕೂತಿದ್ದರು. "ದೇವರ ಮರ ಬುಟ್ಟು ನೆರಳಿನ ಮರ ಕಡೀತೀಯಾ? ದೇವರಿಗೇನಪ್ಪ ಬಿಸಿಲು ಬಡೀತದಾ?"

ಆಳುಗಳು ಹಗ್ಗ ಸುತ್ತಿಕೊಂಡು ಹೋದರು.

ಕಾರ್ಯದರ್ಶಿಗಳಿಗೆ ಕೃತಜ್ಞತೆ ಹೇಳಲು ನಾನೂ ನನ್ನ ಗಂಡನೂ ಸಂಜೆ ಅವರ ಮನೆಗೆ ಹೋದೆವು. ಕೂರಿಸಿ ಕಾಫಿ ಕೊಟ್ಟರು. ಆದರೆ ಮಾತು ಬಿಗಿಯಾಗಿಯೇ ಇತ್ತು. "ಮರ ಉಳೀಲಿ ಅಂತ ಬರಲಿಲ್ಲ ನಾನು. ನಿಮ್ಮಮ್ಮ ಉಳೀಲಿ ಅಂತ ಬಂದೆ. ದಾರಿ ಬೇಕು ಅನ್ನೋದನ್ನ ನಾನು ಬಿಟ್ಟಿಲ್ಲ" ಎಂದರು. ಒಳಕೋಣೆಯಿಂದ ವಾಕರಿನ ಟಕ್ ಟಕ್ ಸದ್ದು ಬರುತ್ತಿತ್ತು. ನಾನು ಹೂಂ ಎಂದೆ. ಅವರು ಹೇಳಿದ್ದು ಸುಳ್ಳಲ್ಲ.

ಕೊನೆಗೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸೋಲಾಯಿತು. ಒಂದು ಕಡೆಯ ಕೊಂಬೆಗಳನ್ನೆಲ್ಲ ಕಳೆದುಕೊಂಡ ಮಳೆಮರ ರಸ್ತೆಯ ಕಡೆ ವಾಲತೊಡಗಿತು. ಬೀಳುವ ಭಯಕ್ಕೆ, ಈ ಸಲ ಒಪ್ಪಿಗೆ ತೆಗೆದುಕೊಂಡೇ, ಅದನ್ನು ಕಡಿದರು. ಅವತ್ತು ನಾವು ಯಾರೂ ಅಡ್ಡ ಹೋಗಲಿಲ್ಲ. ಅತ್ತೆ ಕಿಟಕಿ ಮುಚ್ಚಿಕೊಂಡು ಮನೆಯೊಳಗೇ ಇದ್ದರು. ಹೊಂಗೆ, ಪತ್ರೆ ಎರಡೂ ಉಳಿದವು. ಸಿಮೆಂಟಿನ ದಾರಿ ಅವುಗಳ ಹತ್ತಿರ ಬಂದಾಗ ಬಳಸಿಕೊಂಡು ಹೋಗುತ್ತದೆ. ಭಾನುವಾರ ಒಂದಷ್ಟು ಜನ ಸೇರಿ ಕಳೆ ಕೀಳುತ್ತೇವೆ. ಮೊದಮೊದಲು ಬೀದಿಯ ಮುಕ್ಕಾಲು ಪಾಲು ಜನ ಬರುತ್ತಿದ್ದರು, ಈಗ ಕೆಲವರೇ. ಹಾವು ಇನ್ನೊಮ್ಮೆ ಬಂತು. ಹಿಡಿಯುವವರನ್ನು ಕರೆಸಿದೆವು.

ಅಣ್ಣ ತಮ್ಮಂದಿರು ಅಂಗಡಿಯನ್ನು ಬೇರೆ ಮಾಡಿಕೊಳ್ಳಲಿಲ್ಲ, ಪೂರ್ತಿ ರಾಜಿಯೂ ಆಗಲಿಲ್ಲ. ಕಳೆಗೆ ಹೊಡೆಯುವ ಸರಕನ್ನು ಭಾವ ಮಾತ್ರ ನೋಡಿಕೊಳ್ಳುತ್ತಾರೆ, ನನ್ನ ಗಂಡ ಆ ಬೀರುವನ್ನು ಮುಟ್ಟುವುದಿಲ್ಲ. ಇದೆಂಥ ಒಪ್ಪಂದ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಅಂಗಡಿಯ ಅಂಗಿ ಬಿಚ್ಚಿ ಒಗೆಯುವ ಬಕೆಟ್ಟಿಗೆ ಹಾಕಿದರು.

ಹೋದ ಬೇಸಿಗೆಯಲ್ಲಿ ಅತ್ತೆಯ ಸುದ್ದಿ ಕೇಳಿ ಬನ್ನಿಮಂಟಪದ ಕಡೆಯಿಂದ ಇಬ್ಬರು ಹೆಂಗಸರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರ ಪಾರ್ಕಿಗೂ ಔಷಧಿ ಹೊಡೆಯಲು ಶುರುಮಾಡಿದ್ದಾರಂತೆ, ಅವತ್ತೇ ಸಭೆಯಂತೆ, ಅತ್ತೆ ಬಂದು ತಮ್ಮ ಜನರ ಮುಂದೆ ನಾಲ್ಕು ಮಾತಾಡಬೇಕಂತೆ. ನನ್ನ ಗಂಡ ಊಟಕ್ಕೆ ಕೂತಿದ್ದವರು ಕೈ ತೊಳೆದು ಬಂದು, ಅವರ ಎದುರಿಗೇ ಅಣ್ಣನಿಗೆ ಫೋನು ಮಾಡಿದರು.

"ಆ ಪಾರ್ಕಿಗೆ ಹೋಗಿದ್ದು ನಮ್ಮ ಸರಕೇನಾ?"

ಅತ್ತಲಿಂದ ಏನೋ ದೊಡ್ಡ ದನಿಯ ಮಾತು ಕೇಳಿಸಿತು. ನನ್ನ ಗಂಡ ಫೋನು ಇಟ್ಟು, "ಹೌದು, ನಮ್ಮ ಅಂಗಡಿಯಿಂದಲೇ ಹೋಗಿದೆ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಗೊತ್ತಾಗೋದು ಬೇಡ" ಎಂದರು.

ಹೆಂಗಸರು ಮುಖ ಮುಖ ನೋಡಿಕೊಂಡರು. ವಯಸ್ಸಾದಾಕೆ ಎದ್ದು ಹೊರಟೇಬಿಡುತ್ತಾರೆ ಎಂದು ನನಗೆ ಅನ್ನಿಸಿತು. ಅವರು ಅತ್ತೆಯ ಕಡೆ ನೋಡಿದರು, ಆಮೇಲೆ ಇವರ ಕಡೆ. "ಹಂಗಿದ್ರೆ ನೀವೂ ಬನ್ನಿ. ಇದನ್ನ ನಮ್ಮೋರ ಮುಂದೇನೂ ಹೇಳಿ" ಎಂದರು.

ಇವರು ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದರು. ಅತ್ತೆ ಆಗಲೇ ಗೇಟಿನ ಹತ್ತಿರ ನಿಂತಿದ್ದರು.